ಅನಮೋಡ ಘಾಟಿನ ಮೋರಿ

ಅನಮೋಡ
೨೦-೩-೧೯೬೫

ಪ್ರೀತಿಯ ಈರಕ್ಕಗ,

ಪರಸಪ್ಪನ ಶರಣು. ದೀಪಾವಳಿಗೆ ಬಂದ ನಿನ್ನ ಕಾಗದಕ್ಕ ಹೋಳಿ ಹುಣ್ಣಿವಿ ದಾಟಿದ ಮ್ಯಾಲ ಉತ್ತರ ಬರಿಯಾಕತ್ತೇನಿ, ಬೈಬ್ಯಾಡ. ಮಳಗಿ ಊರಾಗ ಎಲ್ಲಾರೂ ಆರಾಮ ಅದೀರಂತ ತಿಳಕೊಂಡೇನಿ.

ಪಲ್ಟನ್ ಬಿಟ್ಟ ಮ್ಯಾಲ ರಸ್ತೆ ಕೆಲಸದಾಗ ಮುಕಾದಮ ಆಗೇನಂತ ಬರದಿದ್ದೆ. ಯಾವ ಜಾಗಾದಾಗ ಅಂತ ಬರದಿರಲಿಲ್ಲ. ಗೋವಾ ಲಢಾಯಿ ದಿನ ನನ್ನ ಜೋಡಿ ಪಲ್ಟನ್ಯಾಗಿದ್ದ ನಿನ್ನ ತಮ್ಮ ದ್ಯಾಮಪ್ಪ ನೆಲದಾಗ ಹೂತ ಮೈನು ಬಾಂಬು ತುಳದು ತೀರಿಕೊಂಡ್ನಲ್ಲ, ಘಾಟಿನ ಆ ಮೋರಿನ ಹೊಸದಾಗಿ ಕಟ್ಟೂ ಕೆಲಸ ನನ್ನ ಪಾಲಿಗೆ ಬಂತು. ಇಷ್ಟು ದಿನ ಗಾಡಿಗೋಳು ಮಗ್ಗಲಿನ ಕಚ್ಚಾ ದಾರ್ಯಾಗ ಓಡ್ಯಾಡತಿದ್ದುವು.

ಕಲ್ಲು ಕಡಿಯಾಕ ಗೋವಾದಿಂದ ಕಾಯ್ತಾನ ಅಂತ ಒಬ್ಬ ಬಂದ. ಮಾತು ಕಡಿಮಿ, ಕೈಗೆಲಸ ಭಾಳ ಸ್ವಚ್ಛ. ಮೂರನೇ ದಿನ ನಮ್ಮ ಡ್ರೈವರ್ ಹುಸೇನಸಾಬ ಖಡಿ ತುಂಬಿದ ಲಾರಿ ಹಿಂದಕ್ಕ ತಗೊಳ್ಳಾಕತ್ತಿದ್ದ. ಕಾಯ್ತಾನ ಸುತ್ತಿಗಿ ಒಗದು ಓಡಿಬಂದು, ಎರಡೂ ಕೈ ಚಾಚಿ ಲಾರಿಗೆ ಅಡ್ಡ ನಿಂತ.

"ನಿಲ್ಲಸ್ರಿ! ಇಲ್ಲಿ ಮೈನು ಐತಿ!" ಅಂತ ಕೊಂಕಣಿಯೊಳಗ ಚೀರಿದ.

"ನಿನಗ ಹೆಂಗ ಗೊತ್ತು?" ಅಂತ ನನಗ ಬರೂ ಅಷ್ಟಿಷ್ಟು ಕೊಂಕಣಿಯೊಳಗ ಅಂದೆ.

"ನಾನ ಹೂತಿದ್ದೆ. ಪೋರ್ತುಗೀಜರ ಪಲ್ಟನ್ಯಾಗ ಇದ್ದೆ. ಇಲ್ಲಿ ಎರಡು ಹೂತಿದ್ದೆ, ಒಂದು ಸಿಡೀತು. ಇನ್ನೊಂದನ್ನ ನಿಮ್ಮವರು ತಗದಾರಂತ ತಿಳಿದಿದ್ದೆ. ಈಗ ಮಣ್ಣು ಸರದಾಗ ನಾ ಇಟ್ಟ ಗುರುತಿನ ಕಲ್ಲು ಹಂಗ ಇರೂದು ಕಂಡೆ."

ಅಕ್ಕಾ, ಅವನ ಕೊರಳಪಟ್ಟಿ ಹಿಡದು ಕೈ ಎತ್ತಿದೆ. ಅವ ಕದಲಲಿಲ್ಲ.

"ಹೊಡೀರಿ. ಆದ್ರ ಮೊದಲ ಇದನ್ನ ತಗೀರಿ. ಮಂದಿ ಓಡ್ಯಾಡೂ ದಾರಿ," ಅಂದ.

ಮೈನು ತಗಿಯೂದು ಪಲ್ಟನ್ಯಾಗ ಕಲತಿದ್ದೆ. ಎಲ್ಲಾರನ್ನೂ ದೂರ ಕಳಿಸಿ, ಬೋರಲು ಮಲಗಿ ಮಣ್ಣು ಕೆದರಾಕ ಹತ್ತಿದೆ. ಕಾಯ್ತಾನಗೂ ಹೋಗಂದೆ. ಅವ ನನ್ನ ಮಗ್ಗಲಕ್ಕ ಬೋರಲು ಮಲಗಿ, ಹೆಂಗ ಇಟ್ಟಿದ್ದ, ಯಾವ ಕಡಿಂದ ಕೈ ಹಾಕಬೇಕು, ಒಂದೊಂದ ಹೇಳಿಕೊಟ್ಟ. ಸಿಡಿದಿದ್ರ ಇಬ್ಬರೂ ಹೋಗತಿದ್ದಿವಿ. ಮೈನು ಹೊರಗ ಬಂದ ಮ್ಯಾಲ ಇಬ್ಬರೂ ಒಂದ ಕಡ್ಡ್ಯಾಗ ಬೀಡಿ ಹಚ್ಚಿದಿವಿ. ಹೊಡಿಯೂದು ನೆನಪಿಗೇ ಬರಲಿಲ್ಲ.

"ಅವತ್ತು ಸತ್ತಾವ ಯಾರು?" ಅಂತ ಆಮ್ಯಾಲ ಕೇಳಿದ. ಹೇಳಿದೆ. ಕನ್ನಡ ಒಂದಕ್ಷರ ಬರದ ಆ ಮನಿಶಾ, ನಾ ಸುಣ್ಣದಾಗ ಬರದದ್ದನ್ನ ನೋಡಿ ನೋಡಿ ಮೋರಿ ಕಲ್ಲಿನ ಮ್ಯಾಲ ಕೆತ್ತಿದ: "ದ್ಯಾಮಪ್ಪ, ಮಳಗಿ." ಒತ್ತಕ್ಷರ ಸೈತ ತಪ್ಪಿಲ್ಲ. ಈಗ ಇಬ್ಬರೂ ಒಂದ ಒಲಿಮ್ಯಾಲ ಅನ್ನ ಮಾಡಿಕೊಂತೇವಿ. ಅವನ ಮೀನಿನ ಗಡಿಗಿ ಅಷ್ಟ ಬ್ಯಾರೆ.

ಮೊನ್ನೆ ಹಳಿಯಾಳದಿಂದ ಬಂದ ಬಸ್ಸು ಮಂದಿ ತುಂಬಿಕೊಂಡು ನಮ್ಮ ಮೋರಿ ದಾಟಿ ಗೋವಾಕ್ಕ ಹೋತು. ನಾವಿಬ್ಬರೂ ಮಗ್ಗಲಕ್ಕ ನಿಂತು ನೋಡಿದಿವಿ. ಲಢಾಯಿ ಗೆದ್ದ ದಿನನೂ ನನ್ನ ಎದಿ ಇಷ್ಟು ಉಬ್ಬಿರಲಿಲ್ಲ ಅಕ್ಕಾ.

ಕಾಯ್ತಾನ ನಿನ್ನ ಮುಂದ ಬಂದು ನಿಲ್ಲತೇನಿ ಅಂತಾನ. ಕರಕೊಂಡು ಬರ್ಲೇನು? ಒಲ್ಲೆ ಅಂದ್ರೂ ನನಗ ಬ್ಯಾಸರಿಲ್ಲ.

ಹುಡುಗರಿಗೆಲ್ಲಾ ನನ್ನ ಆಶೀರ್ವಾದ ಹೇಳು. ನಿಮ್ಮ ಮನಿ ಸದಾ ತಣ್ಣಗಿರಲಿ.

ನಿನ್ನ ತಮ್ಮನಂಥಾವ,
ಪರಸಪ್ಪ

ತಾ.ಕ.: ಕಾಯ್ತಾನ ಮೂರು ದಿನದಾಗ ಬಾಯಿಬಿಟ್ಟ. ನಾ ಸವ್ವಾ ಮೂರು ವರ್ಷ ನುಂಗಿಕೊಂಡು ಕೂತೇನಿ. ದ್ಯಾಮಪ್ಪ ಹಟ ಹಿಡದು ತಾನ ಮುಂದ ಹೋದ ಅಂತ ನಿನಗ ಹೇಳಿದ್ದೆ. ಆ ಮುಂಜಾನೆ ದಾರಿ ನೋಡಿಕೊಂತ ಎಲ್ಲಾರಕಿಂತ ಮುಂದ ನಡಿಯೂ ಪಾಳಿ ನಂದಿತ್ತು. ನನ್ನ ಕಾಲು ಏಳಲಿಲ್ಲ. ಅವ ನನ್ನ ಮಾರಿ ನೋಡಿ, "ನೀ ಹಿಂದಿಂದ ಬಾರೋ," ಅಂತ ಹೋದ. ಕಾಯ್ತಾನನ್ನ ಮನಿಗೆ ಕರೀತಿಯೋ ಇಲ್ಲೋ, ಆಮ್ಯಾಲ ಬರಿ. ನನ್ನ ಕರೀತಿಯೇನು, ಅದನ್ನ ಮೊದಲ ಬರಿ.