ಕೊರ್ಮಾಕನನ್ನು ನೋಡಲು ಬರಬೇಡ

ಕನಾಟ್, ನಡುಗಡ್ಡೆ ಮನೆ
ಸಂತ ಬ್ರಿಗಿಡ್ ಹಬ್ಬ ಕಳೆದ ಮೂರನೆಯ ದಿನ, ೧೩೪೧

ಪ್ರೀತಿಯ ಡೂನ್ಲಾ ಅಕ್ಕನಿಗೆ ಲಾಸರೀನಾಳ ವಂದನೆಗಳು.

ನೀನು ಮೂರು ಸಲ ಹೇಳಿಕಳಿಸಿದೆ, ನಾನು ಒಂದಕ್ಕೂ ಉತ್ತರ ಕೊಡಲಿಲ್ಲ. ತಪ್ಪು ನನ್ನದೇ. ಪಾದ್ರಿಗಳ ಕೈಲಿ ಬರೆಸಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆಂದು ನಾನೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿವೆ, ಸಹಿಸಿಕೋ.

ಇಲ್ಲಿ ಎಲ್ಲ ನಡೆಯುತ್ತಿದೆ. ಕುರಿಗಳು ಮರಿ ಹಾಕುತ್ತಿವೆ. ನಾನು ಉಣ್ಣುತ್ತೇನೆ, ನಿದ್ದೆಯೂ ಬರುತ್ತದೆ. ಅಳು ಮಾತ್ರ ಬರುತ್ತಿಲ್ಲ. ಹೆಂಗಸರು ನನ್ನ ಮುಖ ನೋಡಿ ನೋಡಿ ಬೇಸತ್ತಿದ್ದಾರೆ.

ನಿನ್ನ ಗಂಡ ಟೈಗ್‌ನ ಮೇಲೆ ಕೋಪವಿದೆಯೇ ಎಂದು ಕೇಳಿದ್ದೀಯ. ಹುಡುಕಿದೆ, ಸಿಗಲಿಲ್ಲ. ಮೊದಲು ಮಾತು ತಪ್ಪಿದ್ದು ನಮ್ಮವರೇ. ಏಳು ವರ್ಷದ ಮಗ ಕೊರ್ಮಾಕನನ್ನು ಪದ್ಧತಿಯಂತೆ ನಿಮ್ಮ ಮಡಿಲಿಗೆ ಹಾಕಿದೆವು, ಹತ್ತು ವರ್ಷ ಸಾಕಿದಿರಿ. ಆಮೇಲೆ ಎರಡು ಕುಲಗಳ ಜಗಳ ನಿಲ್ಲಲೆಂದು ಅವನನ್ನೇ ನಿಮ್ಮಲ್ಲಿ ಒತ್ತೆಯಾಗಿ ಬಿಟ್ಟೆವು. ನಾವು ತಂಟೆಗೆ ಬಂದರೆ ಅವನ ಜೀವ ನಿಮ್ಮದು, ಅಷ್ಟೇ ಕರಾರು. ಅಂಥದ್ದರಲ್ಲಿ ನನ್ನ ಗಂಡ ಫೇಲಿಮಿ ಸುಗ್ಗಿ ಮುಗಿದದ್ದೇ ನಿಮ್ಮ ದನ ಹೊಡೆದು ತರಲು ಹೊರಟ. ಬಾಗಿಲಿಗೆ ಅಡ್ಡ ನಿಂತು, "ಮಗ ಅಲ್ಲಿದಾನೆ, ಜ್ಞಾನ ಇದೆಯಾ ನಿನಗೆ?" ಎಂದೆ.

"ಟೈಗ್ ಅವನಿಗೆ ತುತ್ತು ಮಾಡಿ ಉಣಿಸಿದೋನು ಕಣೆ. ಸಾಕಿದ ಮಗನ್ನ ಯಾರಾದ್ರೂ ಮುಟ್ತಾರಾ? ದಾರಿ ಬಿಡು" ಎಂದ.

ನಿಮ್ಮ ಕುಲದವರು ಟೈಗ್‌ನನ್ನು ಕುಟುಕಿದ್ದನ್ನು ನೀನೇ ಹೇಳಿಕಳಿಸಿದ್ದೆ: "ನೀನು ನಾಯಕನೋ ದಾದಿಯೋ? ಒತ್ತೆಯವನ ಮೂಗು ಒರೆಸ್ತಾ ಕೂತಿರು." ಅವರು ಹುಡುಗನ ತಲೆ ಕೇಳಿದರು, ತಲೆ ಬೇಡ, ಕಣ್ಣು ಸಾಕೆಂದು ಟೈಗ್ ಅವರನ್ನು ಒಪ್ಪಿಸಿದ. ಬೇರೆಯವರ ಕೈಗೆ ಕೊಡದೆ ತಾನೇ ಕಿತ್ತನಂತೆ, ನೋವು ಬೇಗ ಮುಗಿಯಲೆಂದು. ಅದನ್ನು ಪ್ರೀತಿ ಎನ್ನಬೇಕೋ ಏನೋ, ನನಗೆ ತಿಳಿಯುತ್ತಿಲ್ಲ.

ಅಂಗ ಊನವಾದವನು ನಾಯಕನಾಗುವಂತಿಲ್ಲವಲ್ಲ. ಕುರುಡನಾದ ಮಗನನ್ನು ಮನೆಗೆ ತಂದ ಮೇಲೆ ಫೇಲಿಮಿ ತನ್ನ ನಂತರಕ್ಕೆ ಅಣ್ಣನ ಮಗನನ್ನು ಹೆಸರಿಸಿದ. ಅಂದಿನ ಊಟದಲ್ಲಿ ಕವಿ ದನ ತಂದ ಶೌರ್ಯವನ್ನು ಹಾಡಿದ. ಕೊರ್ಮಾಕ್ ಪೂರ್ತಿ ಕೇಳಿ, "ನಮ್ಮ ಕೆಂಪಿನೂ ಬಂದಿದ್ದಾಳಾ?" ಎಂದ. ಅವನು ಕರುವಿನಿಂದ ಬೆಳೆಸಿದ ನಿಮ್ಮ ಕೊಟ್ಟಿಗೆಯ ಹಸುವಂತೆ. ಅದನ್ನು ಅಂದೇ ಕಡಿದು ಬಡಿಸಿದ್ದರು.

ಒಮ್ಮೆ ಬಂದು ನೋಡಿ ಹೋಗುತ್ತೇನೆ ಎನ್ನುತ್ತೀಯ. ಬೇಡ. ಹೊಳೆ ದಾಟುವಲ್ಲಿ ನಮ್ಮವರ ಕಾವಲಿದೆ. ಹುಲ್ಲು ಚಿಗುರುತ್ತಲೇ ಫೇಲಿಮಿ ಸೇಡಿಗೆ ಹೊರಡುತ್ತಾನೆ, ಹೆಣ್ಣುಮಕ್ಕಳನ್ನು ಈಗಲೇ ಮಠಕ್ಕೆ ಸೇರಿಸು. ನಾನು ಹೇಳಿದ್ದೆಂದು ಯಾರಿಗೂ ತಿಳಿಯದಿರಲಿ.

ನಿನ್ನ ಒಲೆಯನ್ನೂ ಮಕ್ಕಳನ್ನೂ ಬ್ರಿಗಿಡ್ ತಾಯಿ ಕಾಯಲಿ.

ನಿನ್ನ
ಲಾಸರೀನಾ

ಮಡಿಸುವ ಮುಂಚೆ ಇನ್ನೊಂದು ಮಾತು: ಕಾವಲು ಬರೀ ನೆಪ. ನಾನು ಹೇಳಿದರೆ ನಿನ್ನನ್ನು ಬಿಡುತ್ತಾರೆ. ಕೊರ್ಮಾಕನನ್ನು ತಂದ ದಿನ ಅವನು ಜ್ವರದಲ್ಲಿ ನನ್ನ ಕೈ ತಡವಿ, "ಡೂನ್ಲಮ್ಮ, ನೀನೂ ಬಂದ್ಯಾ?" ಎಂದು ಕೇಳಿದ. ಹೌದು ಎಂದೆ. ಆಮೇಲೆಯೇ ಗಂಜಿ ಕುಡಿದ. ನೀನು ಜೊತೆಗೇ ಬಂದಿದ್ದೀಯ ಎಂದು ಇವತ್ತಿಗೂ ನಂಬಿದ್ದಾನೆ. ಪಕ್ಕದಲ್ಲಿ ಕೂತಾಗ ನಾನು ಪಿಸುಮಾತಿಗಿಂತ ಜೋರಾಗಿ ಆಡುವುದಿಲ್ಲ. ಕೈ ಹಿಡಿದುಕೊಂಡು ಅಮ್ಮ ಎನ್ನುತ್ತಾನೆ. ಏಳು ವರ್ಷದವನಿದ್ದಾಗ ನನ್ನನ್ನು ಹಾಗೆ ಕರೆದದ್ದು, ಮತ್ತೆ ಕೇಳುತ್ತಿರುವುದು ಈಗಲೇ. ಬರಬೇಡ ಅಕ್ಕ.