ಡಂಕನ್‌ಗೆ ತೊಡಿಸಿದ ಕಿರೀಟ

ಮಿಸೌರಿ ಸಿಟಿ, ಹೂಸ್ಟನ್
ಶುಕ್ರವಾರ

ಮಹಾಜನಗಳೇ! ರಸಿಕ ಶಿಖಾಮಣಿಗಳೇ! ಚಪ್ಪಾಳೆ ಬೇಡ. ಇಂದು ನಿಮ್ಮೆದುರು ನಿಂತಿರುವವನು ನಾಯಕನಲ್ಲ, ಅಪರಾಧಿ!

ಸೌಭಾಗ್ಯವತಿ ಮಹತಿಗೆ ಅಪ್ಪನ ಆಶೀರ್ವಾದಗಳು.

ಮೇಲಿನದು ಅಭ್ಯಾಸಬಲ, ಮಗಳೇ. ನಾಟಕ ಕಂಪನಿಯ ಮನೆಯಲ್ಲಿ ಬೆಳೆದವನು ನಾನು. ಸಾರು ಬಡಿಸು ಅನ್ನುವುದಕ್ಕೂ ನನಗೆ ಹಾರ್ಮೋನಿಯಂ ಶ್ರುತಿ ಬೇಕು. ಆ ಚಾಳಿಯೇ ಈಗ ಕುತ್ತಿಗೆಗೆ ಬಂದಿದೆ.

ನಿನ್ನ ಮದುವೆಯಲ್ಲಿ ಹೇಳಲು ಪುರೋಹಿತರು ಗಂಡಿನ ಕಡೆಯ ಹಿರಿಯರ ಹೆಸರು ಕೇಳಿದ್ದರಲ್ಲ, ಆಗ ನಿನ್ನ ಅತ್ತೆ ಮಾರ್ಗರೆಟ್ ತಮ್ಮ ತಂದೆಯ ಕಡೆಯ ವಂಶ ಹುಡುಕಿಕೊಡಲು ನನ್ನನ್ನೇ ಕೇಳಿಕೊಂಡರು. ರಿಟೈರ್ ಆದ ಡಾಕ್ಟರ್, ಬೇರೇನು ಕೆಲಸ? ಚರ್ಚಿನ ದಾಖಲೆ, ಹಳೆಯ ಜನಗಣತಿ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಜಾಲಾಡಿ, ಸ್ಕಾಟ್ಲೆಂಡಿನ ಹಳ್ಳಿಯೊಂದರ ಡಂಕನ್‌ನನ್ನು ಮುಟ್ಟಿದೆ. ನಿನ್ನ ಗಂಡ ಕಾಲಿನ್‌ನ ಮುತ್ತಜ್ಜನ ಅಜ್ಜ. ಕಸುಬು, ಕುರಿ ಕಾಯುವುದು. ಅವನಪ್ಪನದೂ ಅದೇ.

ಮಂಟಪದ ಮುಂದೆ ಹೂಸ್ಟನ್, ಡಾಲಸ್‌ಗಳ ಡಾಕ್ಟರುಗಳೆಲ್ಲ ಕೂತಿದ್ದರು. ಮೈಕ್ ಕೈಗೆ ಬಂತು. ಕುರಿ ಎಂಬ ಮಾತನ್ನು ನುಂಗಿಕೊಂಡೆ. ಏಳು ಕೋಟೆಗಳ ಒಡೆಯ, ರಣಧೀರ ಡಂಕನ್ ಎಂದು ಗರ್ಜಿಸಿಬಿಟ್ಟೆ. ಇಂಗ್ಲಿಷಿನಲ್ಲೂ ಒಮ್ಮೆ! ಮಾರ್ಗರೆಟ್ ಅತ್ತರು. ಅದನ್ನೂ ನಾನು ಚಪ್ಪಾಳೆಯ ಲೆಕ್ಕಕ್ಕೇ ಸೇರಿಸಿಕೊಂಡೆ.

ಇವತ್ತು ಅವರ ಫೋನ್ ಬಂತು. ನಾಳೆ ಡಾಲಸ್ ಪಕ್ಕದ ಕಾಪೆಲ್‌ನ ತಮ್ಮ ಮನೆಗೆ ನೆಂಟರನ್ನೆಲ್ಲ ಕರೆದಿದ್ದಾರಂತೆ. ಹಾಲ್‌ನಲ್ಲಿ ಕತ್ತಿ-ಗುರಾಣಿ ತೂಗುಹಾಕಿದ್ದಾರಂತೆ. ಕೋಟೆ ನೋಡಲು ಎಲ್ಲರೂ ಸ್ಕಾಟ್ಲೆಂಡಿಗೆ ಹೊರಡುವುದಂತೆ. ಅದಕ್ಕೆ ಮೊದಲು ನಾನು ಆ ಕಥೆಯನ್ನು ಇನ್ನೊಮ್ಮೆ ಹೇಳಬೇಕಂತೆ. ನಮ್ಮಪ್ಪ ಗತಿಯಿಲ್ಲದವರ ಮನೆಯವನು ಅಂತ ಸಾಯೋವರೆಗೂ ತಲೆ ತಗ್ಗಿಸೇ ಇದ್ದ, ನೀವು ನಮ್ಮ ತಲೆ ಎತ್ತಿಸಿದಿರಿ ಅಂದರು. ಫೋನ್ ಇಟ್ಟವನೇ ನಿನ್ನಮ್ಮನಿಗೆ ಎಲ್ಲ ಹೇಳಿದೆ.

ಅವಳು ಪಕ್ಕದಲ್ಲೇ ಬೀನ್ಸ್ ಹೆಚ್ಚುತ್ತಿದ್ದಳು. ರೀ, ಸತ್ತೋರಿಗೆಲ್ಲ ಪ್ರಮೋಷನ್ ಕೊಡಕ್ಕೆ ನೀವ್ಯಾರ್ರೀ ಅಂದಳು.

ಅದಕ್ಕೇ ಈ ಈಮೇಲ್. ನಾಳೆ ನೀವಿಬ್ಬರೂ ಆಸ್ಟಿನ್‌ನಿಂದ ಅಲ್ಲಿಗೆ ಹೊರಡುವ ಮೊದಲು ಕಾಲಿನ್‌ಗೂ ಓದಿ ಹೇಳು. ಅವನ ಮುಖ ನೋಡಿಕೊಂಡು ಹೇಳುವ ಧೈರ್ಯ ನನಗಿಲ್ಲ.

ಇಂತಿ,
ತಲೆ ತಗ್ಗಿಸಿರುವ ನಿನ್ನ ಅಪ್ಪ
ಹಾಲಪ್ಪ

ತಾ.ಕ.: ನಿನ್ನ ಮುತ್ತಜ್ಜ ನಾಟಕ ಕಂಪನಿಯ ಮಾಲೀಕರಾಗಿದ್ದರು ಎಂದು ಹೇಳುತ್ತ ಬಂದೆನಲ್ಲ, ಅದು ಸುಳ್ಳು ಮಗಳೇ. ಕಂಬಳಿ ಹೊದ್ದು ಕುರಿ ಕಾಯುತ್ತಿದ್ದರು. ಟಿಕೆಟ್‌ಗೆ ಗತಿಯಿಲ್ಲದೆ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಟೆಂಟಿನ ಹೊರಗೆ ನಿಂತೇ ನಾಟಕ ಕೇಳಿಸುತ್ತಿದ್ದರು. ಡಂಕನ್‌ನ ಕಸುಬು ಓದಿದಾಗ ನನ್ನ ಮೂಗಿಗೆ ಆ ಕಂಬಳಿಯ ವಾಸನೆಯೇ ಬಡಿಯಿತು. ನಾಳೆ ಬೆಳಗ್ಗೆ ನೆಂಟರು ಸೇರುವ ಮುಂಚೆಯೇ ಕಾಪೆಲ್ ತಲುಪಿ, ಮಾರ್ಗರೆಟ್ ಎದುರು ಕೂತು, ಮೆಲ್ಲಗೆ, ಇಬ್ಬರ ಹೆಸರನ್ನೂ ಹೇಳುತ್ತೇನೆ: ಅವರ ಡಂಕನ್, ನನ್ನ ತಾತ ಬೀರಪ್ಪ.