ಎರಡು ದಾರಿಗೆ ಒಂದೇ ಬಾಗಿಲು

ಮುಕ್ಕುಂದ
22-11-1993

ಪ್ರೀತಿಯ ಅಣ್ಣ ವೆಂಕೋಬನಿಗೆ ಗದ್ದೆಮ್ಮನ ನಮಸ್ಕಾರ.

ಹೇಗಿದ್ದೀಯ? ಸೊಲ್ಲಾಪುರದ ಮಗ್ಗದ ಧೂಳಿಗೆ ಕೆಮ್ಮು ಮತ್ತೆ ಬಂತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಬರೀ ಚಹಾ ಕುಡಿದು ಹೊಟ್ಟೆ ತುಂಬಿಸಿಕೊಳ್ಳುತ್ತೀಯೋ? ಇಲ್ಲಿ ಅಪ್ಪ ಗಟ್ಟಿಯಾಗಿದ್ದಾನೆ. ಅವನ ಸಿಟ್ಟು ಅವನಿಗಿಂತ ಗಟ್ಟಿ. ಅವ್ವನಿಗೆ ಹೊಟ್ಟೆನೋವು. ಗಂಜಿ ಬಿಟ್ಟರೆ ಏನೂ ಸೇರುತ್ತಿಲ್ಲ. ಅದನ್ನು ನಿನಗೆ ಬರೆಯಬೇಡ ಅಂದಿದ್ದಾಳೆ, ಆದ್ದರಿಂದ ಹೆಚ್ಚಿಗೆ ಬರೆಯುವುದಿಲ್ಲ.

ನನ್ನ ಶಾಲೆಯ ಸುದ್ದಿ ಕೇಳು. ಮಕ್ಕಳಿಗೆ ಹೊಸ ನಮೂನೆಯ ಕಥೆಯೊಂದನ್ನು ಬರೆದೆ. ಪ್ರತಿ ತಿರುವಿನಲ್ಲಿ ನಿಲ್ಲಿಸಿ, ಮುಂದೆ ಏನಾಗಬೇಕು ಎಂದು ಮಕ್ಕಳನ್ನೇ ಕೇಳುತ್ತೇನೆ. ಅವರು ಕೈ ಎತ್ತಿ ಆರಿಸಿದ ದಾರಿಯಲ್ಲಿ ಕಥೆ ನಡೆಯುತ್ತದೆ. ಕಥೆಯ ಹುಡುಗ ಅಪ್ಪನ ಮೇಲೆ ಮುನಿಸಿಕೊಂಡು ಊರು ಬಿಟ್ಟವನು. ಮುಖ ಊದಿಸಬೇಡ, ಅವನಿಗೆ ನಿನ್ನ ಹೆಸರು ಇಟ್ಟಿಲ್ಲ. ಮನೆ ನೆನಪಾಗಿ ಮಸ್ಕಿಯ ತನಕ ಬಂದಿದ್ದಾನೆ. ಅಲ್ಲಿಂದ ಊರಿಗೆ ಬರಬೇಕೋ, ತಿರುಗಿ ಹೋಗಬೇಕೋ? ಹೀಗೆ ಒಂದೊಂದು ಕವಲಿಗೂ ಮರಿಕವಲು ಹುಟ್ಟಿ ನನ್ನ ತಲೆಯೇ ಕೆಟ್ಟಿತು. ಕೊನೆಗೆ ನಮ್ಮ ಕಾಲುವೆಯ ಲೆಕ್ಕ ಹಿಡಿದೆ. ಮನೆಯ ಗೋಡೆಗೆ ಒಂದು ದಪ್ಪ ಹಗ್ಗ, ಅದರಿಂದ ಇಳಿಯುವ ಸಣ್ಣ ದಾರಗಳು. ಕವಲೊಡೆಯುವಲ್ಲೆಲ್ಲ ತೂಬಿನ ಹಾಗೆ ಒಂದು ಗಂಟು, ಗಂಟಿಗೊಂದು ಕಥೆಯ ತುಣುಕು ಬರೆದ ಚೀಟಿ. ಅಪ್ಪ ನೋಡಿ ನಕ್ಕ. ಇದು ತೂಬು ಅಂದೆ, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ.

ಅವನೂ ಮರೆತಿಲ್ಲ ಅಣ್ಣ. ನೀರಿನ ಪಾಳಿ ನಮ್ಮದಲ್ಲದ ದಿನ ನೀನು ತೂಬು ಎತ್ತಿದ್ದು ಒಣಗುತ್ತಿದ್ದ ನಮ್ಮ ಭತ್ತಕ್ಕೆ. ಊರ ಪಂಚಾಯ್ತಿಯಲ್ಲಿ ಅಪ್ಪ ತಾನೇ ಎದ್ದು ನಿನ್ನ ಹೆಸರು ಹೇಳಿದ, ನೀನು ಊರು ಬಿಟ್ಟೆ. ನಿಮ್ಮಿಬ್ಬರ ಮೇಲೂ ನನಗೆ ಸಿಟ್ಟಿದೆ. ನಡುವೆ ಸೊರಗಿದವಳು ಅವ್ವ.

ಮೊನ್ನೆ ಕಥೆ ಕೊನೆ ಮುಟ್ಟಿತು. ಚೀಟಿ ಉಳಿಸಲು ನಾನೊಂದು ಜಾಣತನ ಮಾಡಿದ್ದೆ. ಹುಡುಗ ಮಸ್ಕಿಯಿಂದ ನೇರ ಬರಲಿ, ತಿರುಗಿ ಹೋಗಿ ಸಿಟ್ಟು ಆರಿದ ಮೇಲೆ ತಡವಾಗಿ ಬರಲಿ, ಎರಡೂ ದಾರವನ್ನು ಒಂದೇ ಚೀಟಿಗೆ ಕಟ್ಟಿದ್ದೆ: ಅವ್ವ ಬಾಗಿಲು ತೆಗೆದಳು. ಮಕ್ಕಳು ತಡವಾಗಿ ಬರುವ ದಾರಿ ಆರಿಸಿದರು. ಆ ದಾರಿಯ ಹಿಂದಿನ ಚೀಟಿಯಲ್ಲೇ ಕಥೆಯ ಅವ್ವ ತೀರಿಕೊಂಡಿದ್ದು ನನಗೆ ಮರೆತೇಹೋಗಿತ್ತು. ದುರುಗಪ್ಪನ ಮಗಳು ಕರೆಮ್ಮ ಎದ್ದು ನಿಂತಳು.

"ಅವ್ವ ಸತ್ತಾಳಲ್ರೀ ಟೀಚರ್. ಮತ್ತ ಬಾಗ್ಲಾ ಯಾರು ತಗದ್ರು?"

ಮಕ್ಕಳೆಲ್ಲ ನಕ್ಕರು. ನನಗೆ ಅಳು ಬಂತು. ಕಣ್ಣಿಗೆ ಸೀಮೆಸುಣ್ಣದ ಪುಡಿ ಬಿತ್ತು ಅಂದು ಹೊರಗೆ ಹೋದೆ.

ಸಂಜೆ ಇದನ್ನು ನಗೆಯ ಮಾತಾಗಿ ಅವ್ವನಿಗೆ ಹೇಳಿದೆ. ಮಲಗಿದ್ದಲ್ಲಿಂದಲೇ ಅವಳು, "ಬಾಗ್ಲಾ ತಗದ ಇಟ್ರ ಆತಲ್ಲ. ತಗಿಯಾಕ ಯಾರೂ ಬೇಕಾಗಂಗಿಲ್ಲ" ಅಂದಳು. ಅಪ್ಪ ಪಕ್ಕದಲ್ಲೇ ಕೂತು ಅವಳ ಕಾಲು ಒತ್ತುತ್ತಿದ್ದ.

ಅಪ್ಪನ ಆಶೀರ್ವಾದ ಬರೆಯಲೇ ಎಂದು ಈಗ ಕೇಳಿದೆ. ಬೇಡ ಅನ್ನಲಿಲ್ಲ, ಬರೆದಿದ್ದೇನೆ. ಅವ್ವನ ಆಶೀರ್ವಾದ ಯಾವಾಗಲೂ ಇದ್ದದ್ದೇ.

ನಿನ್ನ ತಂಗಿ,
ಗದ್ದೆಮ್ಮ

ತಾ.ಕ.: ಅವ್ವನ ಮಾತು ಮೀರಿ ಬರೆಯುತ್ತಿದ್ದೇನೆ. ಅವಳು ಸಂಕ್ರಾಂತಿ ದಾಟುವುದು ಕಷ್ಟ ಎಂದು ಸಿಂಧನೂರಿನ ಡಾಕ್ಟರು ಅಪ್ಪನಿಗೆ ಹೇಳಿದ್ದಾರೆ. ಕಾಗದ ಮುಟ್ಟಿದ ದಿನವೇ ಬಸ್ಸು ಹತ್ತು, ಮಸ್ಕಿಯಲ್ಲಿ ಇಳಿದು ಯೋಚನೆ ಮಾಡುತ್ತ ನಿಲ್ಲಬೇಡ. ಆ ಸಂಜೆಯಿಂದ ಅಪ್ಪ ಬಾಗಿಲಿಗೆ ಚಿಲಕ ಹಾಕುತ್ತಿಲ್ಲ. ಕೇಳಿದರೆ ಚಿಲಕ ಕೆಟ್ಟಿದೆ ಅನ್ನುತ್ತಾನೆ. ಅದು ಕೆಟ್ಟಿಲ್ಲ ಅಣ್ಣ.